ಎಚ್ಚರಿಕೆ ದೀಪ ಆರಿತು, ಒಂಬತ್ತನೇ ದಿನ ಟೈರ್ ಸಿಡಿಯಿತು: ನಾನು ಎಡವಿದ್ದೆಲ್ಲಿ?

ದೂರದಾರಿ | ಭಾನುವಾರ, ರಾತ್ರಿ 9:40

ಮೊನ್ನೆ ಶುಕ್ರವಾರ ಮಧ್ಯಾಹ್ನ ಹೆದ್ದಾರಿಯಲ್ಲಿ ನನ್ನ ಕಾರಿನ ಹಿಂದಿನ ಎಡಗಡೆ ಟೈರ್ ಸಿಡಿಯಿತು. ಗಾಡಿಯಲ್ಲಿ ನಾನು, ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಡಿಕ್ಕಿ ತುಂಬ ಸಾಮಾನು. ವೇಗ ನೂರರ ಆಸುಪಾಸು. ಹಿಂದಿನಿಂದ ಧಡ್ ಅಂತ ಸದ್ದು, ಮರುಗಳಿಗೆಯಲ್ಲೇ ಕಾರಿನ ಹಿಂಭಾಗ ತೂರಾಡತೊಡಗಿತು. ಗಾಬರಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟೆ, ಇನ್ನೂ ಜೋರಾಗಿ ಎಳೆಯಿತು, ಕಾಲು ತೆಗೆದೆ. ಹೇಗೋ ಅಂಚಿಗೆ ಬಂದು ನಿಂತಿತು. ಪಕ್ಕದ ಲೇನಿನಲ್ಲಿ ಆ ಹೊತ್ತಿಗೆ ಯಾವ ಗಾಡಿಯೂ ಇರಲಿಲ್ಲ. ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೆನೆದು ಎರಡು ರಾತ್ರಿಯಿಂದ ನಿದ್ದೆ ಬಂದಿಲ್ಲ.

ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಅದಕ್ಕೆ ಒಂಬತ್ತು ದಿನ ಮೊದಲು, ಒಂದು ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಹಳದಿ ದೀಪ ಹತ್ತಿತ್ತು. ಇಳಿದು ನೋಡಿದೆ, ನಾಲ್ಕೂ ಒಂದೇ ಥರ ಕಂಡವು. ಪರಿಚಯದವರೊಬ್ಬರನ್ನು ಕೇಳಿದೆ. "ಚಳಿಗೆ ಹಾಗಾಗುತ್ತೆ, ಸೆಟ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ" ಅಂದರು. ಒತ್ತಿದೆ, ದೀಪ ಆರಿತು, ಮತ್ತೆ ಹತ್ತಲೇ ಇಲ್ಲ. ಅಂದಮೇಲೆ ಗಾಳಿ ಸರಿಯಿದೆ ಅಂದುಕೊಂಡೆ.

ಟೈರಿಗೆ ಮೂರು ವರ್ಷ. ಟೈರಿನ ಬಟನ್, ಅಂದರೆ ರಸ್ತೆ ಹಿಡಿಯುವ ಮೇಲ್ಮೈಯ ಉಬ್ಬುಗಳು, ಇನ್ನೂ ಚೆನ್ನಾಗಿವೆ. ಗಾಳಿ ಹೊಡೆಸಿ ಎರಡು ತಿಂಗಳಾಗಿರಬಹುದು. ಬಂಕಿನಲ್ಲಿ "ಎಷ್ಟು?" ಅಂದಾಗ "30 ಹಾಕಿ" ಅಂದಿದ್ದೆ, ಯಾವಾಗಲೂ ಅಷ್ಟೇ ಹೇಳುವುದು. ದಾರಿಯಲ್ಲಿ ಮೊಳೆ, ಕಬ್ಬಿಣ ಏನೂ ಕಣ್ಣಿಗೆ ಬೀಳಲಿಲ್ಲ. ಒಳ್ಳೆಯ ಟೈರು ಹೀಗೆ ಸಿಡಿಯುತ್ತದೆಯೇ?

ರಿಮ್_ರಬ್ಬರ್ | ಭಾನುವಾರ, ರಾತ್ರಿ 10:15

ಮೇಡಂ, ಮೊದಲಿಗೆ ಎಲ್ಲರೂ ಕ್ಷೇಮವಾಗಿದ್ದೀರಲ್ಲ, ಅದು ದೊಡ್ಡದು. ನಾನು 18 ವರ್ಷದಿಂದ ಟೈರ್ ಬಿಚ್ಚಿ ಹಾಕೋ ಕೆಲಸದಲ್ಲೇ ಇದೀನಿ. ಆ ಹಳೇ ಟೈರ್ ಇನ್ನೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಬಿಸಾಡಬೇಡಿ. ಎರಡು ವಿಷಯ ನೋಡಿ ಹೇಳಿ. ಒಳಗಡೆ ಕೈ ಹಾಕಿದರೆ ಕಪ್ಪು ಪುಡಿ ಸಿಗುತ್ತಾ, ಇದ್ದಿಲು ಪುಡಿ ಥರ? ಇನ್ನೊಂದು, ಸೈಡ್‌ವಾಲ್ ಮೇಲೆ, ಅಂದ್ರೆ ಟೈರಿನ ಪಕ್ಕದ ಗೋಡೆ ಮೇಲೆ, ಸುತ್ತಲೂ ಉಂಗುರದ ಹಾಗೆ ಉಜ್ಜಿದ ಗೆರೆ ಇದೆಯಾ? ಇವೆರಡೂ ಗಾಳಿ ಕಡಿಮೆ ಇದ್ದು ಓಡಿದ ಟೈರಿನ ಗುರುತು.

ಮೊಳೆ ಚುಚ್ಚಿದ ಟೈರು ಹೀಗೆ ಒಂದೇ ಏಟಿಗೆ ಸಿಡಿಯೋದು ಅಪರೂಪ. ಟ್ಯೂಬ್‌ಲೆಸ್‌ನಲ್ಲಿ ಮೊಳೆ ತಾನೇ ಬಿರಡೆ ಥರ ಕೂತು ಗಾಳಿ ಮೆಲ್ಲಗೆ ಬಿಡುತ್ತೆ. ಸಿಡಿಸೋದು ಆಮೇಲೆ ಬರೋ ಬಿಸಿ.

ಹಳೇಸ್ಟೀರಿಂಗ್ | ಭಾನುವಾರ, ರಾತ್ರಿ 10:50

ತಾಯಿ, ಇದರಲ್ಲಿ ಯೋಚನೆ ಮಾಡೋದೇನಿದೆ? ಮಧ್ಯಾಹ್ನದ ಬಿಸಿಲು, ಕಾದ ರಸ್ತೆ, ತುಂಬಿದ ಗಾಡಿ. ಒಳಗಿನ ಗಾಳಿ ಹಿಗ್ಗಿ ಟೈರ್ ಸಿಡಿದಿದೆ. ನಾನು 34 ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ಬೇಸಿಗೆ ಬಂದರೆ ನಾಲ್ಕು ಪಾಯಿಂಟ್ ಕಡಿಮೆ ಇಡ್ತೀನಿ. ಒಂದು ದಿನವೂ ಸಿಡಿದಿಲ್ಲ. ನೀವು 30 ಇಟ್ಟಿದ್ದೇ ಜಾಸ್ತಿ ಆಯ್ತು.

ಭೌತಶಾಸ್ತ್ರ_ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6:30

ಹಳೇಸ್ಟೀರಿಂಗ್ ಅವರೇ, ನಿಮ್ಮ ಅನುಭವದ ಮೇಲೆ ಗೌರವವಿದೆ. ಆದರೆ ಈ ಮಾತನ್ನು ನಂಬಿ ಬೇಸಿಗೆಯಲ್ಲಿ ಗಾಳಿ ಇಳಿಸುವವರು ತುಂಬ ಜನ ಇದ್ದಾರೆ, ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ, ನಿಜ. ಎಷ್ಟು ಏರುತ್ತದೆ? ಬೆಳಿಗ್ಗೆ 25 ಡಿಗ್ರಿಯಲ್ಲಿ 33 ಪಿಎಸ್‌ಐ (ಒತ್ತಡದ ಅಳತೆ, ನಾವು ಪಾಯಿಂಟ್ ಎನ್ನುವುದು ಇದನ್ನೇ) ತುಂಬಿದ್ದೀರಿ ಎನ್ನೋಣ. ಗಾಳಿ ಅಳೆಯುವ ಗೇಜ್ ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ಅದಕ್ಕೆ ವಾತಾವರಣದ 14.7 ಸೇರಿಸಿದರೆ 47.7. ಹೆದ್ದಾರಿಯಲ್ಲಿ ಓಡಿ ಟೈರಿನ ಒಳಗಿನ ಗಾಳಿ 60 ಡಿಗ್ರಿಗೆ ಬಂತು ಎನ್ನೋಣ. ಕೆಲ್ವಿನ್ ಲೆಕ್ಕದಲ್ಲಿ, ಅಂದರೆ ಡಿಗ್ರಿಗೆ 273 ಸೇರಿಸಿದರೆ, 298ರಿಂದ 333. ಒತ್ತಡ 53.3 ಆಗುತ್ತದೆ, 14.7 ಕಳೆದರೆ ಗೇಜಿನಲ್ಲಿ ಸುಮಾರು 38.6. ಅಂದರೆ ಏರಿದ್ದು ಐದೂವರೆ ಪಾಯಿಂಟ್. ಟೈರು ತಾಳುವ ಮಿತಿ ಇದಕ್ಕಿಂತ ಎಷ್ಟೋ ಮೇಲಿದೆ. ಗಾಡಿ ತಯಾರಿಸಿದವರು 33 ಎಂದು ಬರೆಯುವಾಗಲೇ ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ.

ಈಗ ತಿರುಗಿಸಿ ನೋಡಿ. ಗಾಡಿಯ ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. 1888ರಲ್ಲಿ ಡನ್‌ಲಪ್ ಪೇಟೆಂಟ್ ಪಡೆದದ್ದೇ ಆ ಗಾಳಿಯ ದಿಂಬಿಗೆ. 1200 ಕೆಜಿ ಕಾರಾದರೆ ಒಂದೊಂದು ಚಕ್ರದ ಮೇಲೆ ಸುಮಾರು 300 ಕೆಜಿ. 33 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ 2.3 ಕೆಜಿ. ಸೈಡ್‌ವಾಲ್ ಹೊರುವ ಅಲ್ಪ ಪಾಲನ್ನು ಬಿಟ್ಟರೆ ನೆಲ ಮುಟ್ಟುವ ಜಾಗ ಸುಮಾರು 130 ಚದರ ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಅಂಗೈ. ಗಾಳಿ 22ಕ್ಕೆ ಇಳಿದರೆ ಅದೇ ಭಾರ ಹೊರಲು 190ಕ್ಕಿಂತ ಹೆಚ್ಚು ಬೇಕು. ಟೈರು ಅಷ್ಟು ಜಾಗ ಕೊಡುವುದು ಹೇಗೆ? ಕುಗ್ಗಿ, ಸೈಡ್‌ವಾಲ್ ಬಗ್ಗಿಸಿಕೊಂಡು. ನೂರರ ವೇಗದಲ್ಲಿ ಕಾರಿನ ಚಕ್ರ ಸೆಕೆಂಡಿಗೆ 14 ಸುತ್ತು ಮೀರಿ ತಿರುಗುತ್ತದೆ. ಸೈಡ್‌ವಾಲಿನ ಒಂದೊಂದು ಅಂಗುಲವೂ ಸೆಕೆಂಡಿಗೆ 14 ಸಲ ಮಡಿಸಿ ಬಿಚ್ಚಿಕೊಳ್ಳಬೇಕು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬಿಸಿಯಾಗಿ ಮುರಿಯುವುದಿಲ್ಲವೇ? ಟೈರಿಗೂ ಅದೇ ಗತಿ. ಗಾಳಿ ಇಳಿಸಿದರೆ ಬಿಸಿ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ದೂರದಾರಿ | ಸೋಮವಾರ, ಬೆಳಿಗ್ಗೆ 8:05

ರಿಮ್_ರಬ್ಬರ್ ಅವರೇ, ಟೈರು ಇನ್ನೂ ಡಿಕ್ಕಿಯಲ್ಲೇ ಇತ್ತು. ಕೈ ಹಾಕಿದೆ. ನೀವು ಹೇಳಿದ ಹಾಗೇ ಕಪ್ಪು ಪುಡಿ, ಒಂದು ಹಿಡಿಯಷ್ಟು. ಒಳಗಿನ ರಬ್ಬರು ಸಿಪ್ಪೆ ಎದ್ದಿದೆ. ಉಳಿದಿರುವ ಸೈಡ್‌ವಾಲಿನಲ್ಲಿ ಸುತ್ತಲೂ ಎರಡು ಬೆರಳಗಲದ ಪಟ್ಟಿ, ಉಪ್ಪುಕಾಗದ ಉಜ್ಜಿದ ಹಾಗೆ.

ಪಕ್ಕದ ಮನೆಯವರ ಗೇಜ್ ತಂದು ಉಳಿದ ಮೂರನ್ನೂ ಅಳೆದೆ. ಗಾಡಿ ರಾತ್ರಿಯಿಡೀ ನಿಂತಿತ್ತು. ಮುಂದೆ 27, 26. ಹಿಂದೆ ಬಲಗಡೆ 28. ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಚೀಟಿಯನ್ನು ಇವತ್ತೇ ಮೊದಲ ಸಲ ಓದಿದೆ. ನಾಲ್ಕಕ್ಕೂ 33 ಅಂತಿದೆ. ಗಾಡಿ ತುಂಬಿದ್ದರೆ ಮುಂದೆ 33, ಹಿಂದೆ 39. ಆರು ವರ್ಷದಿಂದ ದಿನಾ ಅದೇ ಬಾಗಿಲು ತೆರೆದು ಕೂತಿದ್ದೇನೆ.

ಆದರೆ ಒಂದು ಅರ್ಥವಾಗಿಲ್ಲ. ಇಷ್ಟು ಕಡಿಮೆ ಇದ್ದರೂ ದೀಪ ಯಾಕೆ ಸುಮ್ಮನಿತ್ತು?

ಸೆನ್ಸರ್_ಕಣ್ಣು | ಸೋಮವಾರ, ಬೆಳಿಗ್ಗೆ 9:20

ಮೇಡಂ, ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಪ್ರತಿ ಚಕ್ರದ ಗಾಳಿ ಎಷ್ಟು ಅಂತ ಅಂಕಿ ತೋರಿಸುತ್ತದೆಯೇ, ಬರೀ ದೀಪ ಹತ್ತುತ್ತದೆಯೇ?

ದೂರದಾರಿ | ಸೋಮವಾರ, ಬೆಳಿಗ್ಗೆ 9:32

ಬರೀ ದೀಪ. ಅಂಕಿ ಏನೂ ಬರುವುದಿಲ್ಲ.

ಸೆನ್ಸರ್_ಕಣ್ಣು | ಸೋಮವಾರ, ಬೆಳಿಗ್ಗೆ 10:10

ಹಾಗಾದರೆ ಉತ್ತರ ಅಲ್ಲೇ ಇದೆ. ಸ್ವಲ್ಪ ಉದ್ದವಾಗುತ್ತದೆ, ಆದರೂ ಸೆಟ್ ಬಟನ್ ಇರುವ ಗಾಡಿ ಓಡಿಸುವ ಎಲ್ಲರೂ ಓದಬೇಕು ಅನ್ನುವುದು ನನ್ನ ಆಸೆ.

ಟೈರಿನ ಗಾಳಿ ಕಾಯುವ ವ್ಯವಸ್ಥೆ, ಅಂದರೆ ಟಿಪಿಎಂಎಸ್, ಎರಡು ಬಗೆ. ಒಂದರಲ್ಲಿ ಪ್ರತಿ ಚಕ್ರದ ಒಳಗೆ ವಾಲ್ವಿನ ಬುಡದಲ್ಲಿ ಪುಟ್ಟ ಸೆನ್ಸರ್ ಕೂತಿರುತ್ತದೆ, ಗಾಳಿಯನ್ನು ನೇರವಾಗಿ ಅಳೆದು ಕಳಿಸುತ್ತದೆ. ಇನ್ನೊಂದರಲ್ಲಿ ಗಾಳಿ ಅಳೆಯುವ ಸೆನ್ಸರೇ ಇಲ್ಲ! ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್‌ಗಾಗಿ ಇರುವ ಚಕ್ರದ ವೇಗದ ಸೆನ್ಸರುಗಳನ್ನೇ ನೋಡಿ ಊಹಿಸುತ್ತದೆ. ಗಾಳಿ ಇಳಿದ ಟೈರು ಸ್ವಲ್ಪ ಕುಗ್ಗಿ ಅದರ ಸುತ್ತಳತೆ ಕಿರಿದಾಗುತ್ತದೆ, ಅದೇ ದೂರಕ್ಕೆ ಉಳಿದವಕ್ಕಿಂತ ಒಂದಿಷ್ಟು ಹೆಚ್ಚು ಸುತ್ತು ತಿರುಗುತ್ತದೆ. ಆ ವ್ಯತ್ಯಾಸ ಕಂಡಾಗ ದೀಪ ಹತ್ತುತ್ತದೆ. ನಿಮ್ಮದು ಈ ಎರಡನೇ ಬಗೆ.

ಈ ವ್ಯವಸ್ಥೆಗೆ 33 ಎಂದರೇನು ಅಂತ ಗೊತ್ತಿಲ್ಲ. ಸೆಟ್ ಬಟನ್ ಒತ್ತುವುದು ಎಂದರೆ "ಈಗ ಇರುವುದೇ ಸರಿಯಾದ ಗಾಳಿ, ಇದನ್ನು ನೆನಪಿಟ್ಟುಕೋ" ಎಂದು ಅದಕ್ಕೆ ಹೇಳಿದ ಹಾಗೆ. ನೀವು ಒತ್ತಿದ ಬೆಳಿಗ್ಗೆ ಹಿಂದಿನ ಎಡಗಾಲಿ ಬಹುಶಃ 22ರ ಹತ್ತಿರ ಇತ್ತು. ಅದನ್ನೇ ಸರಿಯೆಂದು ಕಲಿತುಕೊಂಡಿತು. ಅಲ್ಲಿಂದ ಇನ್ನೂ ತುಂಬಾ ಇಳಿದರಷ್ಟೇ ಅದು ಬಾಯಿ ಬಿಡುವುದು. ಗಾಳಿ ತುಂಬಿದ ಮೇಲೆ ಒತ್ತಬೇಕಾದ ಬಟನ್ನನ್ನು ತುಂಬದೆ ಒತ್ತಿದಿರಿ. ಸಲಹೆ ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಹೀಗೆ ಹೇಳುವವರನ್ನು ವಾರಕ್ಕೊಬ್ಬರನ್ನು ನೋಡುತ್ತೇನೆ.

ಇನ್ನೊಂದು ಮಾತು. ದೀಪ ಹತ್ತಲಿಲ್ಲ ಎಂದರೆ ಗಾಳಿ ಸರಿ ಎಂದಲ್ಲ. ಅಮೆರಿಕದಲ್ಲಿ ಟೈರ್ ಸಿಡಿದು ಗಾಡಿಗಳು ಮಗುಚಿದ ಸರಣಿ ಅಪಘಾತಗಳಾದ ಮೇಲೆ 2000ರಲ್ಲಿ ಕಾನೂನು ತಂದು ಈ ದೀಪ ಕಡ್ಡಾಯ ಮಾಡಿದರು. ಅಲ್ಲಿನ ನಿಯಮದ ಪ್ರಕಾರ ಚೀಟಿಯ ಅಂಕಿಗಿಂತ ಶೇ 25ರಷ್ಟು ಇಳಿದಾಗ ದೀಪ ಹತ್ತಿದರೆ ಸಾಕು. 33ರ ಶೇ 25 ತೆಗೆದರೆ 25ಕ್ಕಿಂತ ಕೆಳಗೆ! ದೀಪ ಬರುವ ಹೊತ್ತಿಗೆ ಕಾಲು ಭಾಗ ಗಾಳಿ ಹೋಗಿರಬಹುದು. ಸಾಮಾನ್ಯವಾಗಿ ದೀಪ ಹತ್ತಿ ಹಾಗೇ ನಿಂತರೆ ಗಾಳಿ ಕಡಿಮೆ. ಒಂದು ನಿಮಿಷ ಮಿಣುಕಿ ಆಮೇಲೆ ನಿಂತರೆ ವ್ಯವಸ್ಥೆಯಲ್ಲೇ ದೋಷ. ಚಕ್ರದೊಳಗೆ ಸೆನ್ಸರ್ ಇರುವ ಗಾಡಿಗಳಲ್ಲಿ ಅದರ ಬ್ಯಾಟರಿ ವರ್ಷಗಳ ಮೇಲೆ ಸತ್ತಾಗ ಹೀಗಾಗುತ್ತದೆ.

ದೂರದಾರಿ | ಸೋಮವಾರ, ಬೆಳಿಗ್ಗೆ 10:48

ಓದಿ ಕೈಕಾಲು ತಣ್ಣಗಾಯಿತು. ಎಚ್ಚರಿಸಲು ಬಂದದ್ದರ ಬಾಯಿಯನ್ನು ನಾನೇ ಮುಚ್ಚಿಸಿದೆ.

ಹತ್ತುಚಕ್ರ | ಸೋಮವಾರ, ಮಧ್ಯಾಹ್ನ 1:30

ಅಕ್ಕ, ನಿಮ್ಮೊಬ್ಬರ ಕಥೆ ಅಲ್ಲ ಬಿಡಿ. ನಾನು ಲಾರಿಯವನು. ನಮ್ಮಲ್ಲಿ ಹಿಂದಿನ ಆಕ್ಸಲ್‌ಗೆ ಜೋಡಿ ಟೈರ್. ಹೊರಗಡೆದು ಕಾಣುತ್ತೆ, ಒಳಗಡೆದು ಕಾಣಲ್ಲ. ಒಳಗಡೆದರ ಗಾಳಿ ಹೋದರೆ ಎರಡರ ಭಾರನೂ ಹೊರಗಡೆದರ ಮೇಲೆ. ಡ್ರೈವರ್‌ಗೆ ಗೊತ್ತೇ ಆಗಲ್ಲ, ಗಾಡಿ ಓಡ್ತಾನೇ ಇರುತ್ತೆ. ಕೊನೆಗೆ ಸಿಡಿಯೋದು ಗಾಳಿ ಇರೋ ಟೈರು, ಆವಾಗ "ಒಳ್ಳೆ ಟೈರೇ ಸಿಡೀತು" ಅಂತೀವಿ.

ನಾನೂ ಕಬ್ಬಿಣದ ರಾಡಲ್ಲಿ ಬಡಿದು ಸದ್ದು ಕೇಳ್ತಿದ್ದೆ. ಪೂರ್ತಿ ಚಪ್ಪಟೆ ಆಗಿರೋದು ಅದರಲ್ಲಿ ಗೊತ್ತಾಗುತ್ತೆ. 110 ಇರಬೇಕಾದ ಕಡೆ 85 ಇದ್ರೆ ಗೊತ್ತಾಗಲ್ಲ. ಒಂದು ಸಲ ಪಕ್ಕಾ ಗೇಜ್ ಹಿಡಿದು ನೋಡಿದ ಮೇಲೆ ರಾಡ್ ಬಿಟ್ಟೆ. ನಮ್ಮ ಕಡೆ ಒಂದು ಲೆಕ್ಕ ಇದೆ: ಇರಬೇಕಾದ್ದರ 80 ಪರ್ಸೆಂಟ್‌ಗಿಂತ ಕೆಳಗಿಳಿದು ಓಡಿದ ಟೈರನ್ನ ಪಂಕ್ಚರ್ ಆಗಿ ಓಡಿದ ಟೈರ್ ಅಂತಲೇ ನೋಡಬೇಕು. ಸುಮ್ನೆ ಗಾಳಿ ತುಂಬಬಾರದು, ಬಿಚ್ಚಿ ಒಳಗೆ ನೋಡಬೇಕು. ಸೈಡ್‌ವಾಲ್ ಒಳಗಿನ ಸ್ಟೀಲ್ ತಂತಿ ದಣಿದಿರುತ್ತೆ. ತುಂಬೋವಾಗ ಝಿಪ್ ಬಿಚ್ಚಿದ ಹಾಗೆ ಸೀಳಿ ಹೋಗುತ್ತೆ, ಎದುರಿಗೆ ನಿಂತವನ ಪ್ರಾಣ ತೆಗೆಯುತ್ತೆ. ಅದಕ್ಕೇ ಲಾರಿ ಟೈರ್‌ಗೆ ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬಬೇಕು ಅನ್ನೋದು. ಬಹಳ ಕಡೆ ಪಂಜರವೇ ಇರಲ್ಲ, ಅದು ನನಗೆ ತುಂಬಾ ನೋವಿನ ವಿಷಯ.

ಟೈರ್ ಸಿಡಿದಾಗ ಬ್ರೇಕ್ ಮೇಲೆ ಕಾಲಿಟ್ಟೆ ಅಂದ್ರಲ್ಲ, ಅದೊಂದು ನೆನಪಿಡಿ ಅಕ್ಕ. ಮೊದಲು ಸ್ಟೀರಿಂಗ್ ಎರಡು ಕೈಯಲ್ಲಿ ಗಟ್ಟಿಯಾಗಿ ನೇರಕ್ಕೆ ಹಿಡೀಬೇಕು. ಆಕ್ಸಿಲರೇಟರ್ ಮೆಲ್ಲಗೆ ಬಿಡಬೇಕು, ಗಾಡಿ ತಾನೇ ನಿಧಾನ ಆಗುತ್ತೆ. ಹತೋಟಿಗೆ ಬಂದ ಮೇಲೆ ಹಗುರಾಗಿ ಬ್ರೇಕ್, ಆಮೇಲೆ ಅಂಚಿಗೆ. ಕಾಲು ಬೇಗ ತೆಗೆದಿದ್ದು ನಿಮ್ಮನ್ನ ಉಳಿಸಿದೆ.

ಸ್ಟೆಪ್ನಿ ಹಾಕಿಕೊಂಡು ಮನೆಗೆ ಬಂದ್ರಿ ಅಂತ ಕಾಣುತ್ತೆ. ಅದರ ಗಾಳಿ ನೋಡಿದ್ರಾ?

ಹೊಸಲೈಸೆನ್ಸ್ | ಸೋಮವಾರ, ಸಂಜೆ 5:15

ನಾನು ಲೈಸೆನ್ಸ್ ತಗೊಂಡು ನಾಲ್ಕು ತಿಂಗಳು. ಒಂದು ಗೊಂದಲ ಇದೆ. ನನ್ನ ಟೈರ್ ಮೇಲೇ ಗರಿಷ್ಠ 51 ಪಿಎಸ್‌ಐ ಅಂತ ಅಚ್ಚು ಹಾಕಿದ್ದಾರೆ. ಬಾಗಿಲ ಚೀಟಿಯಲ್ಲಿ 33. ಟೈರ್ ಮಾಡಿದವರು ಹೇಳಿದ್ದು ಕೇಳಬೇಕಾ, ಕಾರ್ ಮಾಡಿದವರದ್ದಾ? 51 ಬೇಡ, ನಡುವೆ 40 ಇಟ್ಟರೆ ಮೈಲೇಜ್ ಬರುತ್ತೆ ಅಂತ ಸ್ನೇಹಿತ ಹೇಳ್ತಾನೆ.

ರಿಮ್_ರಬ್ಬರ್ | ಸೋಮವಾರ, ರಾತ್ರಿ 9:00

ತಮ್ಮಾ, ಟೈರ್ ಮೇಲಿರೋದು ಆ ಟೈರು ಹಿಡಿಯಬಹುದಾದ ಮೇಲಿನ ಗಡಿ. ಅದೇ ಟೈರು ಹತ್ತು ಥರದ ಗಾಡಿಗೆ ಹೋಗುತ್ತೆ, ಯಾವ ಗಾಡಿ ಎಷ್ಟು ತೂಕ ಅಂತ ಟೈರ್ ಮಾಡಿದವನಿಗೆ ಹೇಗೆ ಗೊತ್ತು? ನಿನ್ನ ಗಾಡಿಯ ತೂಕ, ಸಸ್ಪೆನ್ಶನ್ನು, ಬ್ರೇಕು ಎಲ್ಲ ಗೊತ್ತಿರೋನು ಗಾಡಿ ಮಾಡಿದವನು. ಆದ್ದರಿಂದ ಚೀಟಿನೇ ಕೊನೆ ಮಾತು. ಬಾಗಿಲಲ್ಲಿ ಇಲ್ಲದಿದ್ದರೆ ಪೆಟ್ರೋಲ್ ಮುಚ್ಚಳದ ಒಳಗಡೆ ನೋಡು, ಅಲ್ಲೂ ಇಲ್ಲದಿದ್ದರೆ ಗಾಡಿ ಜೊತೆ ಕೊಟ್ಟ ಪುಸ್ತಕ. ಟೈರ್ ಅಳತೆ ಬದಲಾಯಿಸಿದ್ದರೆ ಮಾತ್ರ ಬೇರೆ ಲೆಕ್ಕ, ಅದಕ್ಕೆ ತಿಳಿದವರನ್ನ ಕೇಳು.

40 ಇಟ್ಟರೆ ಏನಾಗುತ್ತೆ ಅಂದ್ರೆ, ಟೈರ್ ನಡು ಉಬ್ಬಿ ನಡುವಿನ ಪಟ್ಟಿ ಮಾತ್ರ ರಸ್ತೆ ಹಿಡಿಯುತ್ತೆ. ನನ್ನ ಹತ್ತಿರ ಬರೋ ಟೈರ್ ನೋಡಿದ ಕೂಡಲೇ ಅದರ ಜಾತಕ ಹೇಳಬಹುದು. ನಡು ಸವೆದಿದೆಯಾ, ಗಾಳಿ ಜಾಸ್ತಿ. ಎರಡೂ ಅಂಚು ಸವೆದಿದೆಯಾ, ಕಡಿಮೆ. ಒಂದೇ ಅಂಚಾದರೆ ಗಾಳಿದಲ್ಲ, ಅಲೈನ್‌ಮೆಂಟ್‌ದು. ಗಾಳಿ ಜಾಸ್ತಿ ಇರೋ ಟೈರು ಗುಂಡಿಗೆ ಬಿದ್ದಾಗ ಏಟು ನುಂಗಲ್ಲ, ಪುಟಿಯುತ್ತೆ, ಬ್ರೇಕ್ ಹಿಡಿದಾಗ ಜಾರುತ್ತೆ. ಮೈಲೇಜಿಗೆ ಅಂತ ಆ ಹಿಡಿತ ಕೊಟ್ಟುಬಿಡಬೇಡ.

ಅಳೆಯೋದು ಯಾವಾಗ ಅನ್ನೋದೇ ಮುಖ್ಯ. ಟೈರ್ ತಣ್ಣಗಿರಬೇಕು. ತಣ್ಣಗೆ ಅಂದ್ರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲಾ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಓಡಿರಬಾರದು. ಚೀಟಿಯಲ್ಲಿರೋದೆಲ್ಲ ತಣ್ಣನೆ ಟೈರಿನ ಅಂಕಿ. ಬಂಕ್ ದೂರ ಇದೆ, ಹೋಗೋಷ್ಟರಲ್ಲಿ ಬಿಸಿಯಾಗುತ್ತೆ ಅಂತೀರಾ? ಮನೆಯಲ್ಲೇ ಬೆಳಿಗ್ಗೆ ಅಳೆದು ಎಷ್ಟು ಕಡಿಮೆ ಇದೆ ಅಂತ ಬರೆದುಕೊಳ್ಳಿ. 28 ಇದೆ, 33 ಬೇಕು, ಐದು ಕಡಿಮೆ. ಬಂಕಲ್ಲಿ ಬಿಸಿಗೆ 31 ತೋರಿಸಿದರೆ ಅದರ ಮೇಲೆ ಐದು ಸೇರಿಸಿ 36 ಹಾಕಿಸಿ. ರಾತ್ರಿ ತಣ್ಣಗಾದ ಮೇಲೆ ಹೆಚ್ಚುಕಡಿಮೆ 33ಕ್ಕೆ ಬಂದು ಕೂರುತ್ತೆ. ಮಾರನೇ ಬೆಳಿಗ್ಗೆ ಒಮ್ಮೆ ನೋಡಿ ಸರಿಮಾಡಿಕೊಳ್ಳಿ. ಬಿಸಿ ಟೈರಲ್ಲಿ 38 ತೋರಿಸ್ತು ಅಂತ ಗಾಳಿ ಬಿಡೋದು ಮಾತ್ರ ಮಾಡಲೇಬೇಡಿ.

ಮೇಡಂ, ನಿಮಗೆ ಒಂದು ಪ್ರಶ್ನೆ. ಹೊಸ ಟೈರ್ ಹಾಕಿಸಿದಾಗ ವಾಲ್ವ್ ಬದಲಾಯಿಸಿದರಾ? ಒಂದೇ ಸಲ ಗಾಳಿ ತುಂಬಿಸಿದ ಮೂರು ಟೈರು ಎರಡು ತಿಂಗಳಲ್ಲಿ ಎರಡರಿಂದ ನಾಲ್ಕು ಪಾಯಿಂಟ್ ಇಳಿದಿವೆ, ಅದು ಸಹಜ. ತಿಂಗಳಿಗೆ ಒಂದು ಪಾಯಿಂಟ್ ಆಸುಪಾಸು ರಬ್ಬರಿನ ಮೂಲಕವೇ ಸೋರುತ್ತೆ, ಅದರ ಮೇಲೆ ಚಳಿ ಬೇರೆ. ನಾಲ್ಕನೇದು ಮಾತ್ರ ಅಷ್ಟೊಂದು ಇಳಿದಿದೆ ಅಂದ್ರೆ ಎಲ್ಲೋ ಸೋರಿಕೆ ಇತ್ತು. ಟೈರ್ ಹೋಯ್ತು, ಆದರೆ ಸೋರಿಕೆ ರಿಮ್ಮಲ್ಲೋ ವಾಲ್ವಲ್ಲೋ ಇದ್ದರೆ ಅದು ಇನ್ನೂ ನಿಮ್ಮ ಗಾಡಿಯಲ್ಲೇ ಇದೆ.

ಹಳೇಸ್ಟೀರಿಂಗ್ | ಮಂಗಳವಾರ, ಬೆಳಿಗ್ಗೆ 7:20

ಮೇಷ್ಟ್ರ ಲೆಕ್ಕ ಎರಡು ಸಲ ಓದಿದೆ. ಒಪ್ಪಿಕೊಳ್ಳೋಕೆ ಕಷ್ಟ ಆಯ್ತು, ಆದರೂ ತಪ್ಪು ಎಲ್ಲಿದೆ ಅಂತ ಹುಡುಕೋಕೆ ಆಗಲಿಲ್ಲ. ಹಳೇ ಕಾಲದ ಟೈರಲ್ಲಿ ಗಾಳಿ ಕಡಿಮೆ ಆದರೆ ಕಣ್ಣಿಗೇ ಕಾಣ್ತಿತ್ತು. ಈಗಿನ ರೇಡಿಯಲ್ ಟೈರು ಗಾಳಿ ಸರಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಯೇ ಇರುತ್ತೆ. ಅದಕ್ಕೇ ಕಣ್ಣು ಮೋಸ ಹೋಗುತ್ತೆ ಅಂತ ಈಗ ಅನ್ನಿಸ್ತಿದೆ.

ಆದರೆ ಗೇಜನ್ನೇ ನಂಬಿ ಅಂತೀರಲ್ಲ, ಯಾವ ಗೇಜನ್ನ ನಂಬೋದು? ಒಂದೇ ದಿನ ಒಂದು ಬಂಕಲ್ಲಿ 30 ತೋರಿಸಿದ್ದು ಇನ್ನೊಂದು ಬಂಕಲ್ಲಿ 33 ತೋರಿಸ್ತು.

ಸೆನ್ಸರ್_ಕಣ್ಣು | ಮಂಗಳವಾರ, ಬೆಳಿಗ್ಗೆ 8:45

ಸರ್, ನ್ಯಾಯವಾದ ಪ್ರಶ್ನೆ. ಆ ಎರಡು ಬಂಕ್‌ಗಳ ನಡುವೆ ಓಡಿದ ದೂರಕ್ಕೇ ಒಂದೆರಡು ಪಾಯಿಂಟ್ ಏರಿರಬಹುದು. ಅದನ್ನು ಬಿಟ್ಟರೂ ದಿನಕ್ಕೆ ನೂರಾರು ಸಲ ಬಳಕೆಯಾಗಿ ನೆಲಕ್ಕೆ ಬೀಳುವ ಗೇಜಿನಲ್ಲಿ ಎರಡು ಮೂರು ಪಾಯಿಂಟ್ ಹೆಚ್ಚುಕಡಿಮೆ ಇರುವುದು ಅಪರೂಪವೇನಲ್ಲ. ಸ್ವಂತಕ್ಕೆ ಒಂದು ಗೇಜ್ ಇಟ್ಟುಕೊಳ್ಳಿ, ಯಾವಾಗಲೂ ಅದರಲ್ಲೇ ಅಳೆಯಿರಿ. ಅದರಲ್ಲಿ ಒಂದು ಪಾಯಿಂಟ್ ದೋಷವಿದ್ದರೂ ಒಂದೇ ಸಮನೆ ಇರುತ್ತದೆ. ಒಂದು ಟೈರು ಉಳಿದವಕ್ಕಿಂತ ಬೇಗ ಇಳಿಯುತ್ತಿದೆ ಎಂಬುದು ತಪ್ಪದೆ ಗೊತ್ತಾಗುತ್ತದೆ. ಅನುಮಾನವಿದ್ದರೆ ಒಂದೇ ಟೈರನ್ನು ಒಂದೇ ಹೊತ್ತಿನಲ್ಲಿ ಎರಡು ಮೂರು ಗೇಜಿನಲ್ಲಿ ಅಳೆದು ತಾಳೆ ನೋಡಿ.

ಗೇಜ್ ಮೇಲೆ ಬಾರ್ ಅಂತ ಇದ್ದರೆ ಗಾಬರಿ ಬೇಡ. ಒಂದು ಬಾರ್ ಅಂದರೆ 14.5 ಪಿಎಸ್‌ಐ. 33 ಅಂದರೆ ಸುಮಾರು 2.3 ಬಾರ್.

ಎರಡುಗಾಲಿ | ಮಂಗಳವಾರ, ಮಧ್ಯಾಹ್ನ 12:10

ನಮ್ಮ ಬೈಕ್ ಮಂದಿಯೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಕಾರಿಗೆ ಒಂದು ಟೈರ್ ಹೋದರೆ ಇನ್ನೂ ಮೂರಿವೆ. ನಮಗೆ ಇರೋದೇ ಎರಡು. ಗಾಳಿ ಕಡಿಮೆ ಇರೋ ಮುಂದಿನ ಟೈರು ತಿರುವಿನಲ್ಲಿ ಬೈಕನ್ನು ಬಾಗಲು ಬಿಡುವುದಿಲ್ಲ, ಹ್ಯಾಂಡಲ್ ಭಾರ ಅನ್ನಿಸುತ್ತದೆ. ಬೇರಿಂಗ್ ಹೋಗಿದೆ ಅಂದುಕೊಂಡು ಮೆಕ್ಯಾನಿಕ್ ಹತ್ತಿರ ಒಯ್ದೆ. ನೋಡಿದರೆ ಮುಂದಿನ ಟೈರಿನಲ್ಲಿ ಇದ್ದದ್ದು 17. ಸಾಮಾನ್ಯವಾಗಿ ಹಿಂದೆ ಹೆಚ್ಚು ಬೇಕು, ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಅದಕ್ಕೂ ಹೆಚ್ಚು. ಎರಡೂ ಅಂಕಿ ಚೈನ್ ಕವರ್ ಮೇಲೋ ಸ್ವಿಂಗ್ ಆರ್ಮ್ ಮೇಲೋ ಬರೆದಿರುತ್ತಾರೆ. ಟ್ಯೂಬ್ ಇರೋ ಟೈರಾದರೆ ಇನ್ನೂ ಹುಷಾರಾಗಿರಬೇಕು, ಟ್ಯೂಬ್ ಹರಿದರೆ ಗಾಳಿ ಒಮ್ಮೆಗೇ ಹೋಗುತ್ತದೆ.

ಹೊಸಲೈಸೆನ್ಸ್ | ಮಂಗಳವಾರ, ಸಂಜೆ 6:00

ನೈಟ್ರೋಜನ್ ಹಾಕಿಸಿದರೆ ಈ ತಲೆನೋವೆಲ್ಲ ಇರಲ್ಲ, ಬಿಸಿಗೆ ಹಿಗ್ಗಲ್ಲ ಅಂತಾರಲ್ಲ?

ಭೌತಶಾಸ್ತ್ರ_ಮೇಷ್ಟ್ರು | ಮಂಗಳವಾರ, ರಾತ್ರಿ 8:30

ಹಿಗ್ಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್. ಮೇಲೆ ಹಾಕಿದ ಲೆಕ್ಕ ನೈಟ್ರೋಜನ್ನಿಗೂ ಹಾಗೆಯೇ ಅನ್ವಯಿಸುತ್ತದೆ. ಅದರಿಂದ ಎರಡು ಅನುಕೂಲ ನಿಜ: ಆಮ್ಲಜನಕಕ್ಕಿಂತ ನಿಧಾನವಾಗಿ ರಬ್ಬರಿನ ಮೂಲಕ ಸೋರುತ್ತದೆ, ಮತ್ತು ತೇವಾಂಶ ಇರುವುದಿಲ್ಲ. ವಿಮಾನಗಳಿಗೆ ಅದು ಬೇಕೇ ಬೇಕು. ನಮಗೆ ಹಾಕಿಸಿದರೆ ತಪ್ಪಿಲ್ಲ, ಆದರೆ ಹಾಕಿಸಿದೆ ಎಂದು ಅಳೆಯುವುದನ್ನು ಬಿಟ್ಟರೆ ನಷ್ಟವೇ ಹೆಚ್ಚು. ನೈಟ್ರೋಜನ್ ತುಂಬಿದ ಟೈರಿಗೆ ಮಾಮೂಲಿ ಗಾಳಿ ಸೇರಿಸಿದರೆ ಕೆಡುಕಿಲ್ಲ. ನೈಟ್ರೋಜನ್ ಸಿಗಲಿಲ್ಲವೆಂದು ಕಡಿಮೆ ಗಾಳಿಯಲ್ಲಿ ಓಡಿಸಬೇಡಿ.

ಮಳೆಯ ವಿಷಯ ಯಾರೂ ಎತ್ತಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀರು ನಿಂತ ರಸ್ತೆಯಲ್ಲಿ ಒಂದು ವೇಗ ದಾಟಿದರೆ ಟೈರು ನೀರನ್ನು ಸೀಳಲಾಗದೆ ಅದರ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗದು, ಬ್ರೇಕ್ ಒತ್ತಿದರೂ ನಿಲ್ಲದು. ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ ನಾಸಾದವರು ಕೊಟ್ಟ ಒಂದು ಸೂತ್ರದಲ್ಲಿ ಆ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ. 33 ಪಿಎಸ್‌ಐಗೆ ಗಂಟೆಗೆ ಸುಮಾರು 96 ಕಿಲೋಮೀಟರ್ ಬರುತ್ತದೆ, 22ಕ್ಕೆ 78. ಕಾರಿನ ಟೈರಿನಲ್ಲಿ ಬಟನ್ನಿನ ಆಳ, ಅಗಲ, ನೀರಿನ ಆಳ ಎಲ್ಲವೂ ಸೇರಿಕೊಳ್ಳುವುದರಿಂದ ಈ ಅಂಕಿಗಳನ್ನೇ ಗಡಿ ಎಂದು ಹಿಡಿಯಬೇಡಿ, ಅದಕ್ಕಿಂತ ಕಡಿಮೆ ವೇಗದಲ್ಲೂ ತೇಲಬಹುದು. ಗಾಳಿ ಇಳಿದಷ್ಟೂ ಬೇಗ ತೇಲುತ್ತದೆ ಎಂಬುದನ್ನು ಮನಸ್ಸಿನಲ್ಲಿಡಿ. ಬಟನ್ 1.6 ಮಿಲಿಮೀಟರಿಗೆ ಸವೆದ ಟೈರಿನಲ್ಲಂತೂ ನೀರು ಹೊರಹೋಗಲು ದಾರಿಯೇ ಉಳಿದಿರುವುದಿಲ್ಲ.

ದೂರದಾರಿ | ಶನಿವಾರ, ಬೆಳಿಗ್ಗೆ 7:50

ನಾಲ್ಕು ದಿನ ಬರೆಯಲಾಗಲಿಲ್ಲ, ದಿನಾ ಬೆಳಿಗ್ಗೆ ಅಳೆಯುತ್ತಿದ್ದೆ. ನನ್ನದೇ ಗೇಜ್ ತಂದುಕೊಂಡೆ. ಮಂಗಳವಾರ ನಾಲ್ಕಕ್ಕೂ 33 ತುಂಬಿಸಿ, ಆಮೇಲೆ ಸೆಟ್ ಬಟನ್ ಒತ್ತಿದೆ. ಮೂರು ಟೈರು ಇದ್ದಲ್ಲೇ ಇವೆ. ಹೊಸ ಟೈರ್ ಹಾಕಿಸಿದ ಹಿಂದಿನ ಎಡಗಾಲಿ ಬುಧವಾರ 32, ಗುರುವಾರ 31, ನಿನ್ನೆ 30.

ರಿಮ್_ರಬ್ಬರ್ ಅವರೇ, ನೀವು ಕೇಳಿದ್ದು ಅದನ್ನೇ. ವಾಲ್ವ್ ಬದಲಾಯಿಸಿರಲಿಲ್ಲ. ನಿನ್ನೆ ಸಂಜೆ ಸೋಪಿನ ನೀರು ಮಾಡಿ ವಾಲ್ವ್ ಸುತ್ತ ಹಾಕಿದೆ. ಬಾಯಲ್ಲಿ ಗುಳ್ಳೆ ಬರಲಿಲ್ಲ. ವಾಲ್ವನ್ನು ಬೆರಳಿನಿಂದ ಪಕ್ಕಕ್ಕೆ ಬಗ್ಗಿಸಿದಾಗ ಬುಡದಲ್ಲಿ ರಬ್ಬರ್ ಬಿರುಕು ಬಾಯಿ ಬಿಟ್ಟು ನೊರೆ ಬಂತು. ಮಗಳೇ ಮೊದಲು ನೋಡಿದ್ದು. ಒಂದು ಬೆರಳುಗುರಿನಷ್ಟೂ ಇಲ್ಲದ ಬಿರುಕು.

ಹತ್ತುಚಕ್ರ ಅವರೇ, ಸ್ಟೆಪ್ನಿಯನ್ನೂ ನೋಡಿದೆ. ಅದು ಸಣ್ಣ ಅಗಲದ ಬಗೆಯದು, ಮೇಲೆ 60 ಪಿಎಸ್‌ಐ ಅಂತಲೂ 80 ಕಿಲೋಮೀಟರ್ ದಾಟಬಾರದು ಅಂತಲೂ ಬರೆದಿದೆ. ಗೇಜ್ 31 ತೋರಿಸಿತು. ಆವತ್ತು ಅದರ ಮೇಲೇ ಐದು ಜನ ಮನೆಗೆ ಬಂದದ್ದು.

ರಿಮ್_ರಬ್ಬರ್ | ಶನಿವಾರ, ಬೆಳಿಗ್ಗೆ 9:10

ಇವತ್ತೇ ನಾಲ್ಕೂ ವಾಲ್ವ್ ಬದಲಾಯಿಸಿಬಿಡಿ ಮೇಡಂ. ಆ ವಾಲ್ವ್ ಗಾಡಿ ಬಂದಾಗಿನದ್ದು ಅಂತ ಕಾಣುತ್ತೆ, ಆರು ವರ್ಷ ಆಯ್ತು. ನಿಂತಾಗ ಸೋರಿಕೆ ಸಣ್ಣದು, ಓಡುವಾಗ ಚಕ್ರ ತಿರುಗೋ ರಭಸಕ್ಕೆ ವಾಲ್ವ್ ಹೊರಗಡೆ ಬಾಗುತ್ತೆ, ಬಿರುಕು ತೆರೆದುಕೊಳ್ಳುತ್ತೆ. ಹೊಸ ಟೈರ್ ಹಾಕುವಾಗ ರಬ್ಬರ್ ವಾಲ್ವನ್ನೂ ಬದಲಾಯಿಸಬೇಕಿತ್ತು, ಹಾಕಿದವರು ಅದನ್ನು ಬಿಟ್ಟಿದ್ದು ತಪ್ಪು. ಕ್ಯಾಪ್ ನಾಲ್ಕಕ್ಕೂ ಇದೆಯಾ ನೋಡಿಕೊಳ್ಳಿ. ಕ್ಯಾಪ್ ಇಲ್ಲದಿದ್ದರೆ ಮಣ್ಣು ಹೋಗಿ ಒಳಗಿನ ಪಿನ್ ಸರಿಯಾಗಿ ಕೂರಲ್ಲ.

ಸ್ಟೆಪ್ನಿಗೆ ಬಂಕಿನವರು 33 ಹಾಕೋಕೆ ಬರ್ತಾರೆ, 60 ಅಂತ ಬರೆದಿರೋದು ಕೈ ಮಾಡಿ ತೋರಿಸಿ.

ಹಳೇಸ್ಟೀರಿಂಗ್ | ಶನಿವಾರ, ಬೆಳಿಗ್ಗೆ 10:30

ತಾಯಿ, ನಿಮ್ಮ ಆ ಬೆರಳುಗುರಿನ ಬಿರುಕು ಓದಿ ಸುಮ್ಮನೆ ಕೂರೋಕೆ ಆಗಲಿಲ್ಲ. ಮಗನ ಕೈಯಲ್ಲಿ ಗೇಜ್ ತರಿಸಿದ್ದೆ, ಪೊಟ್ಟಣ ಬಿಚ್ಚಿರಲಿಲ್ಲ. ಈಗ ಹೋಗಿ ಅಳೆದೆ, ಗಾಡಿ ನಿನ್ನೆ ಸಂಜೆಯಿಂದ ನಿಂತಿದೆ. ನನ್ನ ಚೀಟಿಯಲ್ಲಿ 32. ಇದ್ದದ್ದು 27, 28, 23, 27. ಆ 23ರದ್ದು ಮೊನ್ನೆ ಒದ್ದು ನೋಡಿ ಸರಿಯಾಗಿದೆ ಅಂದುಕೊಂಡಿದ್ದ ಟೈರು. ಬಂಕು ಒಂದು ಕಿಲೋಮೀಟರೂ ಇಲ್ಲ, ಈಗಲೇ ಹೊರಟೆ. ಬಂದ ಮೇಲೆ ಸೋಪಿನ ನೀರು ಹಾಕಿ ನೋಡ್ತೀನಿ. ಮೊದಲು ವಾಲ್ವ್ ನೋಡಲಾ, ರಿಮ್ಮಿನ ಅಂಚಾ?

ರಿಮ್_ರಬ್ಬರ್ | ಶನಿವಾರ, ಬೆಳಿಗ್ಗೆ 10:42

ವಾಲ್ವ್ ಮೊದಲು ಯಜಮಾನರೇ, ಬುಡ ಬಗ್ಗಿಸಿ ನೋಡಿ. ಆಮೇಲೆ ಬಟನ್ನಿನ ಸಂದುಗಳಲ್ಲಿ ಮೊಳೆ. ರಿಮ್ಮಿನ ಅಂಚು ಕೊನೆಗೆ. 23ರಲ್ಲಿ ಎಷ್ಟು ದಿನ ಓಡಿದೆ ಅಂತ ಗೊತ್ತಿಲ್ಲದ್ದರಿಂದ ಗಾಳಿ ತುಂಬಿದ ಮೇಲೂ ಹೆದ್ದಾರಿಗೆ ಹೋಗಬೇಡಿ. ಸೋಮವಾರ ಅದೊಂದು ಟೈರ್ ಬಿಚ್ಚಿಸಿ ಒಳಗೆ ಕೈಯಾಡಿಸಿ, ಪುಡಿ ಸಿಕ್ಕರೆ ಅದನ್ನ ವಾಪಸ್ ಹಾಕಿಸಬೇಡಿ.